ಮೌನವಾಗಿರುವ ವಂಶವಾಹಿಗಳು

ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಪ್ರತಿಯನ್ನು ಪಂಡಿತ ಆರ್. ಶಾಮಶಾಸ್ತ್ರಿಗಳು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ್ದು ಮೈಸೂರಿಗರ ಹೆಮ್ಮೆಯ ಸಂಗತಿ. ಅದಕ್ಕೆ ಮುನ್ನ ಆ ಗ್ರಂಥವು ಸತ್ತಿರಲಿಲ್ಲ. ಓದುವವರಿಲ್ಲದೆ ಮೌನವಾಗಿತ್ತು, ಅಷ್ಟೆ. ಜೀವಕೋಶದೊಳಗೂ ಇಂತಹ ಮೌನದ ಓಲೆಗಳುಂಟು. ಅವನ್ನು ನಿರುಪಯುಕ್ತವೆಂದು ತರಗತಿಯಲ್ಲಿ ಸಾರಿಬಿಡುವುದು ಉಚಿತವಲ್ಲ.

ಮನುಷ್ಯನ ಕರುಳಿನಲ್ಲಿ ವಾಸಿಸುವ ಇ. ಕೋಲೈ ಎಂಬ ಬ್ಯಾಕ್ಟೀರಿಯವನ್ನೇ ನೋಡಬಹುದು. ಜಗತ್ತಿನ ಪ್ರಯೋಗಶಾಲೆಗಳು ನೆಚ್ಚಿಕೊಂಡಿರುವ ಅದರ ಕೆ-12 ತಳಿಯು 1922ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ, ಡಿಫ್ತೀರಿಯದಿಂದ ಚೇತರಿಸಿಕೊಳ್ಳುತ್ತಿದ್ದ ರೋಗಿಯೊಬ್ಬರ ಮಲದಿಂದ ದೊರೆತದ್ದು. ಅಂದಿನಿಂದ ಅದಕ್ಕೆ ವೇಳೆವೇಳೆಗೆ ಪೋಷಕರಸ, ಶತ್ರುಭಯವಿಲ್ಲ. (ದಾಸೋಹದ ಅನ್ನವೂ ಕಾಯಕವನ್ನು ಬಯಸುತ್ತದೆ; ಇಲ್ಲಿ ಅದೂ ಇಲ್ಲ.) ಇಂತಹ ಸುಖದಲ್ಲಿ ಏನು ಕೆಟ್ಟರೂ ಕೇಡು ತೋರದು. ಹೊರಮೈಯ ಓ-ಆಂಟಿಜೆನ್ ಎಂಬ ಸಕ್ಕರೆಯ ಕವಚವೇ ಅದಕ್ಕೆ ಇಲ್ಲವಾಯಿತು. ಐಎಸ್5 ಎಂಬ ಅಲೆಮಾರಿ ಡಿ.ಎನ್.ಎ. ತುಣುಕು ಕವಚ ಕಟ್ಟುವ ವಂಶವಾಹಿಯೊಂದರ ನಡುವೆ ಹೊಕ್ಕು ಅದನ್ನು ಕೆಡಿಸಿದೆ. 2013ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ಈ ಕವಚವನ್ನು ಮರಳಿ ಕೊಟ್ಟಾಗ, ಸಾಧುವೆನಿಸಿದ್ದ ಕೆ-12 ಒಂದು ಬಗೆಯ ಸೂಕ್ಷ್ಮ ದುಂಡುಹುಳುವನ್ನು ಕೊಲ್ಲುವ ರೋಗಾಣುವಾಯಿತು! 2001ರಲ್ಲಿ ಓದಲಾದ ಒ157 ಎಂಬ ರೋಗಕಾರಕ ತಳಿಯಲ್ಲಂತೂ ಕೆ-12ರಲ್ಲಿ ಇಲ್ಲದ 1,387 ವಂಶವಾಹಿಗಳು ಕಂಡವು. ಇವೆಲ್ಲವೂ ಕೆ-12 ಕಳೆದುಕೊಂಡವುಗಳೆಂದಲ್ಲ; ಒಂದೇ ಜಾತಿಯೊಳಗೆ ಇಷ್ಟು ಪಾಠಾಂತರ.

ಕೆಟ್ಟ ವಂಶವಾಹಿ ಬೇರೆ, ಮೌನವಾದದ್ದು ಬೇರೆ. ಸಸ್ಯಗಳಲ್ಲಿ ದೊರೆಯುವ ಸ್ಯಾಲಿಸಿನ್ ಮೊದಲಾದ ವಸ್ತುಗಳನ್ನು ಬಳಸಿಕೊಳ್ಳಲು ಬೇಕಾದ ಬಿಜಿಎಲ್ ಎಂಬ ವಂಶವಾಹಿಗಳ ಗುಂಪು ಕೆ-12ರಲ್ಲಿ ಸಾಂಗವಾಗಿಯೇ ಇದೆ. ಎಚ್-ಎನ್‌ಎಸ್ ಎಂಬ ಪ್ರೋಟೀನು ಅದರ ಬಾಯಿ ಕಟ್ಟಿದೆ. ಕಾಡುತಳಿಗಳಲ್ಲಿಯೂ ಬಹುಮಟ್ಟಿಗೆ ಅದು ಮೌನವೇ. ಕವಚವನ್ನು ಕೆಡಿಸಿದ ಅದೇ ಐಎಸ್5 ಇಲ್ಲಿನ ನಿಯಂತ್ರಣಸ್ಥಾನದಲ್ಲಿ ಬಂದು ಕುಳಿತರೆ, ಕಟ್ಟಿದ ಬಾಯಿ ಬಿಚ್ಚುತ್ತದೆಂಬುದು ವಿಚಿತ್ರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ಮಹದೇವನ್ ಮತ್ತು ಅವರ ಸಹೋದ್ಯೋಗಿಗಳು 2005ರಲ್ಲಿ ಪ್ರಕಟಿಸಿದ ಶೋಧವು ಇನ್ನೂ ಗಮನಾರ್ಹ. ಆಹಾರ ತೀರಿ ಬೆಳವಣಿಗೆ ನಿಂತ ಸ್ಥಿತಿಯಲ್ಲಿ, ಬಿಜಿಎಲ್ ಎಚ್ಚೆತ್ತ ಕೋಶಗಳು ಮೌನಿಗಳನ್ನು ಹಿಂದೆ ಹಾಕಿದವು. ಅದೂ ಸ್ಯಾಲಿಸಿನ್ನಿನ ಹಂಗಿಲ್ಲದೆ. ಹೊಟ್ಟೆ ತುಂಬಿದ ತಟ್ಟೆಯಲ್ಲಿ ಈ ಗುಣವನ್ನು ಯಾರು ಕಂಡಾರು?

ಆದಕಾರಣ ‘ಈ ವಂಶವಾಹಿ ಕೆಲಸ ಮಾಡದು’ ಎನ್ನುವ ಉಪಾಧ್ಯಾಯರು ‘ಈ ತಟ್ಟೆಯಲ್ಲಿ’ ಎಂಬ ಎರಡು ಪದಗಳನ್ನು ಸೇರಿಸಿ ಹೇಳುವುದು ನ್ಯಾಯ. ಪಠ್ಯದ ಒಂದೇ ತಳಿಯನ್ನು ಇಡೀ ಜಾತಿಯೆಂದು ಕಂಠಪಾಠ ಮಾಡಿದ ವಿದ್ಯಾರ್ಥಿಯು ನಾಳೆ ವೈದ್ಯನಾಗಿ ಕೆ.ಆರ್. ಆಸ್ಪತ್ರೆಯ ವಾರ್ಡಿನಲ್ಲಿ ನಿಂತಾಗ, ಅವನಿಗೆ ಎದುರಾಗುವುದು ಶತಮಾನಕಾಲ ಸಾಕಿದ ಕೆ-12 ಅಲ್ಲ, ರೋಗಿಯ ಕರುಳಿನಿಂದ ನೇರವಾಗಿ ಬಂದ ಕಾಡುತಳಿ.