ಗಾಜಿಗೆ ಆಧಾರ ಯಾರು?

ಮಕ್ಕಳೇ, ಈ ವಾರ ಒಂದು ಪ್ರಶ್ನೆ. ಹಳೆಯ ಅಂಬಾಸಿಡರ್ ಕಾರಿನ ಮುಂದಿನ ಗಾಜನ್ನು ಹಿಡಿದು ನಿಲ್ಲಿಸಿರುವುದು ಯಾವುದು? ಸ್ಕ್ರೂ ಅಲ್ಲ, ಅಂಟೂ ಅಲ್ಲ. ಮುಂದೆ ಓದುವ ಮೊದಲು ಅಜ್ಜನನ್ನು ಕೇಳಿ ನೋಡಿ.

ಅಜ್ಜಂದಿರ ಕಾಲದಲ್ಲಿ ಸಾಹೇಬರ ಕಾರೂ ಅದೇ, ಮದುವೆ ಗಂಡಿನ ಕಾರೂ ಅದೇ, ಬಾಡಿಗೆ ಟ್ಯಾಕ್ಸಿಯೂ ಅದೇ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿತ್ತು. 2014ರಲ್ಲಿ ತಯಾರಿಕೆ ನಿಂತಿತು.

ನಮ್ಮ ಬೀದಿಯ ನಿವೃತ್ತ ಮೇಷ್ಟರ ಹತ್ತಿರ ಅಂಥದೊಂದು ಕಾರಿದೆ. ಜಲ್ಲಿ ಲಾರಿಯಿಂದ ಹಾರಿದ ಕಲ್ಲು ಬಡಿದು ಅದರ ಗಾಜು ಬಿರುಕುಬಿಟ್ಟಿತು. ಮೇಷ್ಟರು ಹೊಸ ಗಾಜು ತರಿಸಿ, "ಹಳೇ ಬೀಡಿಂಗಿಗೇ ಕೂರಿಸಪ್ಪ, ಅದು ಚೆನ್ನಾಗೇ ಇದೆ" ಎಂದರು. ಬೀಡಿಂಗ್ ಎಂದರೆ ಗಾಜಿನ ಸುತ್ತ ಇರುವ ಕಪ್ಪು ರಬ್ಬರ್ ಪಟ್ಟಿ. ನಮ್ಮ ಪ್ರಶ್ನೆಗೆ ಉತ್ತರವೂ ಅದೇ!

ಮೆಕ್ಯಾನಿಕ್ ಆ ರಬ್ಬರನ್ನು ಸ್ವಲ್ಪ ಬಗ್ಗಿಸಿದ. ಒಣಗಿದ ಹುಣಸೆ ಸಿಪ್ಪೆಯಂತೆ ಪಟ್ಟನೆ ಮುರಿಯಿತು. "ಇದಕ್ಕೇ ಹೊಸ ಗ್ಲಾಸ್ ಹಾಕಿದ್ರೆ ಮಳೆಗಾಲಕ್ಕೆ ಮತ್ತೆ ಬರ್ತೀರಿ ಸಾರ್" ಎಂದ. ಬೀಡಿಂಗನ್ನು ಕೊಯ್ದು ಗಾಜು ತೆಗೆದಾಗ ಮೇಷ್ಟರ ಮುಖ ಸಣ್ಣದಾಯಿತು. ಬಿರುಕಿನಲ್ಲಿ ಇಳಿದ ಮಳೆನೀರು ಒಳಗೇ ನಿಂತು, ಚೌಕಟ್ಟಿನ ಕೆಳಮೂಲೆಯ ತಗಡು ತುಕ್ಕು ತಿಂದು ಹಪ್ಪಳವಾಗಿತ್ತು. ಇನ್ನಷ್ಟು ದಿನ ಹಾಗೇ ಬಿಟ್ಟಿದ್ದರೆ ತಗಡೇ ತೂತಾಗುತ್ತಿತ್ತು.

ತುಕ್ಕನ್ನು ಉಜ್ಜಿ ತೆಗೆದು, ರೆಡ್ ಆಕ್ಸೈಡ್ ಬಳಿದು, ಬಣ್ಣ ಹೊಡೆದು ಒಣಗಿಸಿದರು. ಆಮೇಲೆ ಶುರುವಾಯಿತು ನೋಡಿ ತಮಾಷೆ! ಬೀಡಿಂಗಿಗೆ ಎರಡು ಸೀಳುಗಳು. ಒಂದಕ್ಕೆ ಗಾಜಿನ ಅಂಚು, ಇನ್ನೊಂದಕ್ಕೆ ಕಾರಿನ ತಗಡಿನ ಅಂಚು. ಮೊದಲು ಗಾಜಿನ ಸುತ್ತ ಬೀಡಿಂಗ್ ತೊಡಿಸಿದರು. ತಗಡಿನ ಸೀಳಿನೊಳಗೆ ಸುತ್ತಲೂ ಒಂದು ನೈಲಾನ್ ಹಗ್ಗ ಕೂರಿಸಿ, ಎರಡು ತುದಿಗಳನ್ನು ಕೆಳಗೆ ನಡುವಿನಲ್ಲಿ ಹೊರಗೆ ಬಿಟ್ಟರು. ಸೋಪಿನ ನೀರು ಸವರಿ, ಹೊರಗಿನಿಂದ ಗಾಜನ್ನು ಚೌಕಟ್ಟಿಗೆ ಇಟ್ಟರು. ಹೊರಗೆ ಒಬ್ಬ ಅಂಗೈಯಿಂದ ಮೆಲ್ಲಗೆ ಒತ್ತುತ್ತಿದ್ದರೆ, ಒಳಗೆ ಕೂತ ಮೆಕ್ಯಾನಿಕ್ ಹಗ್ಗ ಎಳೆಯುತ್ತಾ ಹೋದ. ಹಗ್ಗ ಬಂದಂತೆಲ್ಲ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಗೆ ಮಡಚಿಕೊಂಡಿತು. ಒಂದು ಸುತ್ತು ಮುಗಿಯುವಷ್ಟರಲ್ಲಿ ಗಾಜು ಭದ್ರವಾಗಿ ಕೂತಿತ್ತು.

"ಸೋಪಿನ ನೀರೇ ಯಾಕೆ, ಎಣ್ಣೆ ಹಾಕಬಾರದಾ?" ಎಂದು ಮೇಷ್ಟರ ಮೊಮ್ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಗ್ರೀಸು, ಎಂಜಿನ್ ಆಯಿಲ್‌ನಂಥವು ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡಿ ಕೆಡಿಸುತ್ತವೆ. ಸೋಪಿನ ನೀರು ಆಗಷ್ಟೇ ಜಾರಿಸಿ, ಆಮೇಲೆ ಒಣಗಿಹೋಗುತ್ತದೆ. ಕೊನೆಗೆ ಅವಳೇ ಪೈಪು ಹಿಡಿದು ಗಾಜಿನ ಮೇಲೆ ನೀರು ಬಿಟ್ಟಳು. ಒಳಗೆ ಒಂದು ಹನಿಯೂ ಬರಲಿಲ್ಲ.

ನಾನು ಬ್ಯಾಂಕಿನವನು, ಕಣ್ಣು ಬಿಲ್ಲಿನ ಮೇಲೇ ಹೋಯಿತು. ಗಾಜಿನ ಬೆಲೆಯ ಮುಂದೆ ಬೀಡಿಂಗಿನದು ಸಣ್ಣ ಮೊತ್ತ. ಅದನ್ನು ಉಳಿಸಲು ಹೋಗಿದ್ದರೆ ಕಾರೇ ಗುಜರಿಗೆ ಹೋಗುವ ದಾರಿ ಹಿಡಿಯುತ್ತಿತ್ತು.

ಇಂದಿನ ಕಾರುಗಳ ಮುಂದಿನ ಗಾಜನ್ನು ಸಾಮಾನ್ಯವಾಗಿ ಗಟ್ಟಿ ಅಂಟಿನಿಂದ ಕೂರಿಸುತ್ತಾರೆ. ಆದರೆ ಅಜ್ಜಿಯ ಕುಕ್ಕರಿನ ಗ್ಯಾಸ್ಕೆಟ್, ಫ್ರಿಜ್ಜಿನ ಬಾಗಿಲ ಪಟ್ಟಿ ಇವೆಲ್ಲ ಆ ಬೀಡಿಂಗಿನ ನೆಂಟರೇ. ಈ ಭಾನುವಾರ ಅಜ್ಜಿಯನ್ನು ಕೇಳಿ ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡಿ. ಮೆತ್ತಗೆ ಬಾಗಿದರೆ ಸರಿ. ಗಟ್ಟಿಯಾಗಿದ್ದರೆ, ಬಿರುಕು ಕಂಡರೆ, ಬದಲಾಯಿಸಲು ಅಪ್ಪನಿಗೋ ಅಮ್ಮನಿಗೋ ಹೇಳಿ.