ಕೊಂಡ ಸರಕು ಯಾರ ಸೊತ್ತು?

ಕಂಪ್ಯೂಟರ್ ಆಟಗಳಿಗೂ ವರ್ತಕರಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜವಾದುದು. ಆದರೆ ಆ ಉದ್ಯಮದಲ್ಲಿ ಕಳೆದ ಮೂರು ದಶಕಗಳಲ್ಲಿ ‘ಮಾರಾಟ’ ಎಂಬ ಶಬ್ದದ ಅರ್ಥವೇ ಬದಲಾಗಿದೆ. ಇದು ಪ್ರತಿಯೊಬ್ಬ ಖರೀದಿದಾರನೂ ಗಮನಿಸಬೇಕಾದ ಸಂಗತಿ.

1993ರಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆ ಹೊರತಂದ ‘ಡೂಮ್’ ಆಟವನ್ನು ನಾಲ್ಕು ಕಂಪ್ಯೂಟರುಗಳ ಸ್ಥಳೀಯ ಜಾಲದಲ್ಲಿ ನಾಲ್ವರು ಒಟ್ಟಾಗಿ ಆಡಬಹುದಾಗಿತ್ತು. ಅದಕ್ಕೆ ಅಂತರ್ಜಾಲವಾಗಲಿ, ತಯಾರಕರ ಅಪ್ಪಣೆಯಾಗಲಿ ಬೇಕಿರಲಿಲ್ಲ. 1998ರಲ್ಲಿ ಬ್ಲಿಝಾರ್ಡ್ ಸಂಸ್ಥೆಯ ‘ಸ್ಟಾರ್‌ಕ್ರಾಫ್ಟ್’ ಮತ್ತಷ್ಟು ಉದಾರವಾಗಿ, ಒಂದೇ ಸಿ.ಡಿ.ಯಿಂದ ಗೆಳೆಯರ ಯಂತ್ರಗಳಲ್ಲೂ ಸೀಮಿತ ಪ್ರತಿಗಳನ್ನು ಅಳವಡಿಸಿ ಆಡಲು ಅವಕಾಶವಿತ್ತಿತು. ನಮ್ಮ ನಗರಗಳ ಸೈಬರ್ ಕೆಫೆಗಳಲ್ಲಿ ‘ಕೌಂಟರ್ ಸ್ಟ್ರೈಕ್’ ಆಡಲು ಯುವಕರು ಗಂಟೆಗಿಷ್ಟೆಂದು ಹಣ ತೆತ್ತದ್ದೂ ಇದೇ ಸ್ಥಳೀಯ ಜಾಲದ ಬಲದಿಂದ.

2010ರಲ್ಲಿ ಬಂದ ‘ಸ್ಟಾರ್‌ಕ್ರಾಫ್ಟ್ 2’ ಈ ಸೌಲಭ್ಯವನ್ನೇ ಕೈಬಿಟ್ಟಿತು. ಒಂದೇ ಕೊಠಡಿಯಲ್ಲಿ ಕುಳಿತ ಇಬ್ಬರೂ ಸಂಸ್ಥೆಯ ಸರ್ವರ್ ಮೂಲಕವೇ ಎದುರಾಗಬೇಕಾಯಿತು. ನಕಲಿ ಪ್ರತಿಗಳ ಹಾವಳಿ ತಡೆಯುವುದು ಇದಕ್ಕೆ ನೀಡಲಾದ ಕಾರಣಗಳಲ್ಲೊಂದು. ಅದು ನಿರಾಧಾರವೇನಲ್ಲ; ತಯಾರಕನಿಗೂ ಬಂಡವಾಳವುಂಟು, ನಷ್ಟವುಂಟು. ಆದರೆ ಭಾರ ಬಿದ್ದದ್ದು ಹಣ ತೆತ್ತ ಪ್ರಾಮಾಣಿಕ ಗ್ರಾಹಕನ ಮೇಲೆ. 2012ರಲ್ಲಿ ‘ಡಯಾಬ್ಲೊ 3’ ಬಿಡುಗಡೆಯಾದಾಗ ಸರ್ವರ್‌ಗಳ ಮೇಲಿನ ಒತ್ತಡದಿಂದಾಗಿ, ಒಬ್ಬರೇ ಆಡಬಯಸಿದ ಅನೇಕರೂ ಒಳಹೊಗಲಾಗದೆ ಕಾಯಬೇಕಾಯಿತು.

ಇದರ ಅಂತಿಮ ಪರಿಣಾಮ ಕಂಡದ್ದು 2024ರ ಮಾರ್ಚ್ 31ರಂದು. ಅಂದು ಯೂಬಿಸಾಫ್ಟ್ ಸಂಸ್ಥೆ 2014ರ ‘ದಿ ಕ್ರೂ’ ಆಟದ ಸರ್ವರ್‌ಗಳನ್ನು ಮುಚ್ಚಿತು. ಡಿಸ್ಕ್ ಕೊಂಡವರ ಕೈಯಲ್ಲಿ ಡಿಸ್ಕ್ ಉಳಿಯಿತು, ಆಟ ಉಳಿಯಲಿಲ್ಲ. 1993ರ ‘ಡೂಮ್’ ಮಾತ್ರ ಇಂದಿಗೂ ನಡೆಯುತ್ತದೆ. ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಅಂಗೀಕರಿಸಿದ ಕಾನೂನಿನನ್ವಯ, ಹಿಂದೆಗೆದುಕೊಳ್ಳಬಹುದಾದ ಡಿಜಿಟಲ್ ಸರಕಿಗೆ ‘ಖರೀದಿ’ ಎಂಬ ಪದ ಬಳಸುವವರು ಅದು ಕೇವಲ ಪರವಾನಗಿಯೆಂದು ಸ್ಪಷ್ಟಪಡಿಸಬೇಕು. ಮಾರಿದ ಆಟಗಳನ್ನು ಆಡಲಾಗದಂತೆ ಮಾಡಬಾರದೆಂಬ ಯೂರೋಪಿನ ನಾಗರಿಕರ ಮನವಿಗೆ 2025ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು.

ಆಟ ನಿಂತರೆ ಮನರಂಜನೆಯಷ್ಟೇ ನಷ್ಟ. ಲೆಕ್ಕಪತ್ರ, ದಾಸ್ತಾನು ಮತ್ತು ಬಿಲ್ಲಿಂಗ್ ತಂತ್ರಾಂಶಗಳೂ ಇದೇ ಹಾದಿ ಹಿಡಿದು ವಾರ್ಷಿಕ ಚಂದಾ ಹಾಗೂ ದೂರದ ಸರ್ವರ್‌ಗಳಿಗೆ ಸಾಗುತ್ತಿರುವಾಗ ಪ್ರಶ್ನೆ ಗಂಭೀರವಾಗುತ್ತದೆ. 2013ರ ಕಂಪನಿ ಕಾಯಿದೆಯ 128ನೇ ಕಲಮು ಲೆಕ್ಕದ ಪುಸ್ತಕಗಳನ್ನು 8 ಹಣಕಾಸು ವರ್ಷಗಳವರೆಗೆ ಕಾಪಾಡಬೇಕೆನ್ನುತ್ತದೆ. ಜಿ.ಎಸ್.ಟಿ. ಕಾಯಿದೆಯಡಿ ವಾರ್ಷಿಕ ವಿವರಣೆ ಸಲ್ಲಿಸಲು ಗೊತ್ತುಪಡಿಸಿದ ದಿನಾಂಕದಿಂದ 72 ತಿಂಗಳು ದಾಖಲೆಗಳಿರಬೇಕು. ತಂತ್ರಾಂಶ ಮಾರಿದವನು ಅಂಗಡಿ ಮುಚ್ಚಿದರೂ ಈ ಹೊಣೆ ವ್ಯಾಪಾರಿಯದೇ.

ಆದ್ದರಿಂದ ಹೊಸ ವ್ಯವಸ್ಥೆಯನ್ನು ದೂರವಿಡಬೇಕಿಲ್ಲ; ಕೊಳ್ಳುವ ಮುನ್ನ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆದರೆ ಸಾಕು. ಅಂತರ್ಜಾಲ ಕಡಿದಾಗ ಕೆಲಸ ನಡೆಯುವುದೇ? ಮಾಹಿತಿಯನ್ನೆಲ್ಲ ಓದಬಲ್ಲ ರೂಪದಲ್ಲಿ ತಮ್ಮ ಯಂತ್ರಕ್ಕೆ ಇಳಿಸಿಕೊಳ್ಳಬಹುದೇ? ಸೇವೆ ನಿಲ್ಲಿಸುವುದಾದರೆ ಎಷ್ಟು ದಿನಗಳ ಮುನ್ಸೂಚನೆ? ಇಷ್ಟನ್ನೂ ಕೇಳದೆ ಹಣ ತೆರುವುದೆಂದರೆ ನೀರಿನೊಳಗಿನ ಎಮ್ಮೆಗೆ ದಡದ ಮೇಲೆ ನಿಂತು ಬೆಲೆ ಕಟ್ಟಿದಂತೆಯೇ ಸರಿ.