ಚಿರತೆ ಮೂರೋ, ಒಂದೇ ಮೂರು ಸಲವೋ?

ಕಬ್ಬಿನ ಪಡದಲ್ಲಿ ಚಿರತೆ ಓಡಾಡುವ ಮೂರು ವಿಡಿಯೊ ಫೋನಿಗೆ ಬಂದಿದ್ದವು. ನಾವು 'ಭೋಜ ಸುತ್ತಮುತ್ತ ಮೂರು ಚಿರತೆ' ಎಂದು ಸುದ್ದಿ ಕಳಿಸಿಬಿಟ್ಟೆವು. ಮರುದಿನ ಕಬ್ಬು ಕಡಿಯುವ ಗ್ಯಾಂಗಿನವರು ಹೊಲಕ್ಕೆ ಇಳಿಯಲಿಲ್ಲ. ಒಬ್ಬ ರೈತರು ಕೇಳಿದರು: 'ಒಂದ ಚಿರತಿ ಮೂರ ಸಲ ಕಂಡಿರಬಾರದೇನ್ರಿ?' ನಮ್ಮ ಬಳಿ ಉತ್ತರ ಇರಲಿಲ್ಲ.

ಹುಲಿ ಎಣಿಸುವವರಿಗೂ ಇದೇ ತೊಡಕಿತ್ತು. ಹಿಂದೆ ಹೆಜ್ಜೆ ಗುರುತು ನೋಡಿ ಎಣಿಸುತ್ತಿದ್ದರು. ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲಿ ಒಂದು ಥರ, ಒಣ ಮಣ್ಣಿನಲ್ಲಿ ಇನ್ನೊಂದು ಥರ. ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳಿದ್ದವು. 2005ರಲ್ಲಿ ಹುಡುಕಿದರೆ ಕಾಡಿನಲ್ಲಿ ಒಂದೂ ಇರಲಿಲ್ಲ.

ನಮ್ಮ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಮರಕ್ಕೆ ಕ್ಯಾಮೆರಾ ಕಟ್ಟಿ, ಮೈಮೇಲಿನ ಪಟ್ಟೆ ನೋಡಿ ಒಂದೊಂದು ಹುಲಿಯನ್ನೂ ಗುರುತಿಸಿದರು. ಲೆಕ್ಕಕ್ಕೆ ಅಮೆರಿಕದ ಜೇಮ್ಸ್ ನಿಕೋಲ್ಸ್ ಜೊತೆಯಾದರು. 1998ರಲ್ಲಿ ಇಬ್ಬರೂ ಸೇರಿ ಅದನ್ನು ಪ್ರಕಟಿಸಿದರು. ಅದರ ತಿರುಳು ಹೀಗಿದೆ. ಮೊದಲ ಸುತ್ತಿನಲ್ಲಿ 20 ಹುಲಿ ಫೋಟೊದಲ್ಲಿ ಸಿಕ್ಕವು ಅನ್ನಿ. ಎರಡನೇ ಸುತ್ತಿನಲ್ಲೂ 20, ಅದರಲ್ಲಿ 10 ಹಳೆಯವು. ಎರಡನೇ ಸಲ ಸಿಕ್ಕವುಗಳಲ್ಲಿ ಅರ್ಧ ಹಳೆಯವು ಎಂದರೆ, ಮೊದಲ ಸುತ್ತಿನ 20 ಕೂಡ ಒಟ್ಟು ಹುಲಿಗಳ ಅರ್ಧದಷ್ಟೇ; ಕಾಡಿನಲ್ಲಿ ಸುಮಾರು 40 ಇರಬೇಕು. ನಿಜದ ಲೆಕ್ಕ ಇಷ್ಟು ಸಲೀಸಲ್ಲ. ಕ್ಯಾಮೆರಾ ಯಾವ ಹಾದಿಗೆ ಕಟ್ಟಬೇಕು ಎಂಬುದು ಕಾಡು ಬಲ್ಲವರಿಗೆ ಗೊತ್ತು, ಕಣ್ಣಿಗೆ ಬೀಳದೆ ಉಳಿದವು ಎಷ್ಟು ಎಂಬುದು ಲೆಕ್ಕ ಬಲ್ಲವರಿಗೆ. ಒಬ್ಬರಿಂದಲೇ ಆಗುವ ಕೆಲಸವಲ್ಲ.

ಕಾಡಿನ ಮಾತಾಯಿತು, ಕಬ್ಬಿನ ಸೀಮೆಗೆ ಇದು ಆಗುತ್ತದೆಯೇ? ಆಗಿದೆ. ಪಕ್ಕದ ಮಹಾರಾಷ್ಟ್ರದ ಅಕೋಲೆಯಲ್ಲಿ ವಿದ್ಯಾ ಅತ್ರೇಯ ಮತ್ತು ಜೊತೆಗಾರರು ಊರು-ಹೊಲಗಳ ನಡುವೆಯೇ ಹೀಗೆ ಎಣಿಸಿ, 100 ಚದರ ಕಿ.ಮೀ.ಗೆ ಸುಮಾರು 5 ಬೆಳೆದ ಚಿರತೆ ಎಂದು 2013ರಲ್ಲಿ ಬರೆದರು.

2022ರ ಆಗಸ್ಟ್‌ನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನದಲ್ಲಿ ಚಿರತೆ ಕಂಡಾಗ ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟರು, ಹುಡುಕಲು ಆನೆ ತರಿಸಿದರು. ಅಷ್ಟು ಖರ್ಚು ಮಾಡುವವರು ನಿಪ್ಪಾಣಿ, ಚಿಕ್ಕೋಡಿ ಹೊಲಗಳಲ್ಲಿ ಒಂದು ಹಂಗಾಮು ಕ್ಯಾಮೆರಾ ಕಟ್ಟಿಸಿ, ಲೆಕ್ಕ ಬಲ್ಲವರನ್ನು ಕೂರಿಸಿ ಎಣಿಸಲಿ. ಬಂದ ಅಂಕಿಯನ್ನು ಹೆಚ್ಚುಕಡಿಮೆ ಸಹಿತ ಹೇಳಲಿ. 2018ರ ಗಣತಿಯಲ್ಲಿ ದೇಶದ ಹುಲಿ 2,967 ಎಂದು ನಾವೆಲ್ಲ ಬರೆದೆವು. ವರದಿಯಲ್ಲಿ 2,603ರಿಂದ 3,346 ಎಂದೂ ಇತ್ತು, ಅದನ್ನು ಬಿಟ್ಟೆವು.

ನಮಗೆ ವಿಡಿಯೊ ಕಳಿಸುವವರು ದಿನ, ಹೊತ್ತು, ಯಾರ ಹೊಲ ಎಂದು ಬರೆಯಿರಿ. ಕಂಡಿದ್ದು ಎಡಮಗ್ಗುಲೋ ಬಲಮಗ್ಗುಲೋ ಅದೂ ಇರಲಿ, ಚಿರತೆಯ ಎರಡು ಮಗ್ಗುಲಿನ ಚುಕ್ಕೆ ಒಂದೇ ಥರ ಇರುವುದಿಲ್ಲ. ಫೋಟೊಕ್ಕಾಗಿ ಹತ್ತಿರ ಮಾತ್ರ ಹೋಗಬೇಡಿ.